ಅಜ್ಜ ಬಲೆಯನ್ನು ಮನೆಗೆ ತಂದಿದ್ದ

ಆ ಭಾನುವಾರ ನನ್ನ ಅಜ್ಜ ಬಲೆಯನ್ನು ಹಳ್ಳದ ದಂಡೆಯಲ್ಲಿ ಮರೆತು ಬಂದಿರಲಿಲ್ಲ. ಮನೆಗೆ ತಂದು, ಬಾವಿ ನೀರಿನಲ್ಲಿ ಜಾಲಾಡಿಸಿ, ಹಿಂದಿನ ಜಗಲಿಯ ಮೊಳೆಗೆ ತೂಗುಹಾಕಿದ್ದ. ಮರುದಿನ ಅದನ್ನು ಚೀಲದಲ್ಲಿ ತುಂಬಿಕೊಂಡು ಹೋಗಿ ಬೇರೆಯವರಿಗೆ ಕೊಟ್ಟವಳು ನಾನು. ಅದೇ ಸಂಜೆ ನನ್ನ ದಿನಚರಿಯಲ್ಲಿ ಸುಳ್ಳು ಬರೆದು, ಅದನ್ನು ಅವನಿಗೇ ಓದಿ ಹೇಳಿದವಳೂ ನಾನು. ನಾಲ್ಕು ವರ್ಷವಾಯಿತು. ಅಜ್ಜನಿಗೆ ಮರೆವು ಶುರುವಾದದ್ದು ಆ ಬಲೆಯಿಂದಲೇ ಎಂದು ಮನೆಯವರೆಲ್ಲ ಇವತ್ತಿಗೂ ನಂಬಿದ್ದಾರೆ.

ಅವನು ತೀರಿಕೊಂಡು ನಾಳೆಗೆ ಒಂದು ವರ್ಷ, ವರ್ಷಾಂತಿಕ. ನೆಂಟರು ಬರುತ್ತಾರೆ. ಅಮ್ಮ ಅದೇ ಕಥೆಯನ್ನು ಮತ್ತೆ ಹೇಳುತ್ತಾಳೆ. ಅದಕ್ಕೆ ಮೊದಲು ಇದನ್ನು ಬರೆಯಬೇಕು —

ಅವರ್ಸಾದ ನಮ್ಮ ಮನೆಯಿಂದ ಹಳ್ಳಕ್ಕೆ ಹತ್ತು ನಿಮಿಷದ ದಾರಿ. ಅದು ಸಮುದ್ರ ಸೇರುವ ಕಡೆ ಉಪ್ಪುನೀರು ಒಳಗೆ ಬಂದು ಹೋಗುತ್ತದೆ. ಅಜ್ಜ ಮೀನುಗಾರನಲ್ಲ. ಜೀವನವಿಡೀ ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡಿದವನು. ಆದರೆ ನೀರು ಇಳಿತದ ಹೊತ್ತಿಗೆ ಬಂದರೆ ಅವನ ಕಾಲು ತಾನಾಗಿ ಹಳ್ಳದ ಕಡೆ ತಿರುಗುತ್ತಿತ್ತು. ಗದ್ದೆಯ ಒಡೆಯ, ‘ನಿನ್ನನ್ನು ಹುಡುಕುವುದಾದರೆ ಪಂಚಾಂಗ ನೋಡಬೇಕು ಮಾರಾಯ’ ಎಂದು ಬೈಯುತ್ತಿದ್ದನಂತೆ. ಬೀಸುಬಲೆಯನ್ನು ಅಜ್ಜ ತಾನೇ ಹೆಣೆದಿದ್ದ. ಅಂಚಿನ ಸೀಸದ ಮಣಿಗಳಲ್ಲಿ ಒಂದನ್ನು ಹಲ್ಲಿನಲ್ಲಿ ಕಚ್ಚಿ, ಅರ್ಧ ಬಲೆಯನ್ನು ಮೊಣಕೈ ಮೇಲೆ ಹಾಕಿಕೊಂಡು, ಸೊಂಟ ತಿರುಗಿಸಿ ಎಸೆಯುತ್ತಿದ್ದ. ಬಲೆ ಗಾಳಿಯಲ್ಲಿ ದುಂಡಗೆ ಬಿಚ್ಚಿಕೊಂಡು ನೀರಿಗೆ ಬೀಳುವಾಗ ಮಣಿಗಳೆಲ್ಲ ಒಟ್ಟಿಗೆ ಒಂದೇ ಸದ್ದು ಮಾಡುತ್ತಿದ್ದವು. ಎರಡು ಸದ್ದಾದರೆ ಎಸೆತ ಸರಿಯಿಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದ. ಕಚ್ಚಿ ಕಚ್ಚಿ ಅವನ ಮುಂದಿನ ಒಂದು ಹಲ್ಲು ಸವೆದು ಮೊಂಡಾಗಿತ್ತು.

ನಾನು ಎಂಟು ವರ್ಷದವಳಿದ್ದಾಗಿಂದ ಅವನ ಲೆಕ್ಕ ಬರೆಯುತ್ತಿದ್ದೆ. ವಾರ, ತಿಥಿ, ಇಳಿತದ ಹೊತ್ತು, ಯಾವ ಮೀನು, ಎಷ್ಟು. ಹಿಡಿದ ಮೀನನ್ನು ಎಣಿಸಬಾರದು, ಎಣಿಸಿದರೆ ಮುಂದಿನ ಸಲ ಬರುವುದಿಲ್ಲ ಎಂದು ಊರಿನಲ್ಲಿ ಹೇಳುತ್ತಾರೆ. ಅಜ್ಜಿ ಅದನ್ನೇ ಹೇಳಿ ನನ್ನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡಿದ್ದಳು. ಅಜ್ಜ ಅದನ್ನು ತೆಗೆದು ನನ್ನ ಕೈಗೇ ಕೊಟ್ಟ. ಓಡಿಹೋಗುವ ಮೀನು ಓಡಿಹೋಗಲಿ, ಹುಡುಗಿ ಬರೆಯುವುದನ್ನು ಕಲಿಯಲಿ ಎಂದ. ಅವನು ಶಾಲೆಗೆ ಹೋದದ್ದು ಎರಡನೆಯ ಇಯತ್ತೆವರೆಗೆ. ನಾನು ಬರೆದದ್ದನ್ನು ಅವನು ಓದುತ್ತಿರಲಿಲ್ಲ, ನನ್ನಿಂದ ಓದಿಸುತ್ತಿದ್ದ. ‘ಹೋದ ವರ್ಷ ಈ ಹುಣ್ಣಿಮೆಗೆ ನೊಗ್ಲಿ ಎಷ್ಟು ಬಿದ್ದಿತ್ತು?’ ನಾನು ಪುಟ ತಿರುವಿ ಹೇಳಿದರೆ ನೆರೆಯವರ ಮುಂದೆ ಅವನ ಮುಖ ಅರಳುತ್ತಿತ್ತು. ನೊಗ್ಲಿ ಮರಳಿನಲ್ಲಿ ಅವಿತುಕೊಳ್ಳುವ ಸಣ್ಣ ಉದ್ದನೆಯ ಮೀನು — ಅವನಿಗೆ ಪ್ರೀತಿಯದು.

ಆಮೇಲೆ ಒಂದು ಮಳೆಗಾಲ ಅವನು ಪಾಚಿಗಲ್ಲಿನ ಮೇಲೆ ಜಾರಿ ಬಿದ್ದ. ಮೂಳೆ ಮುರಿಯಲಿಲ್ಲ, ಆದರೆ ಅಮ್ಮ ಹೆದರಿದಳು. ಒಬ್ಬನೇ ಹೋಗಬಾರದು, ಮೊಮ್ಮಗಳು ಜೊತೆಗಿದ್ದರೆ ಮಾತ್ರ ಎಂದಳು. ನಾನು ಆಗ ಕಾರವಾರದಲ್ಲಿ, ಕೋಡಿಬಾಗದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ವಾರಕ್ಕೆ ಆರು ದಿನ ಬಸ್ಸಿನಲ್ಲಿ ಹೋಗಿ ಬರುವುದು. ಉಳಿಯುತ್ತಿದ್ದದ್ದು ಭಾನುವಾರ ಒಂದೇ. ಅದು ಅಜ್ಜನದಾಯಿತು. ದಿನಚರಿಯಲ್ಲಿ ಎಣಿಸಿದ್ದೇನೆ — ಸಾಲಾಗಿ ಮೂವತ್ತೊಂದು ಭಾನುವಾರ.

ಅಜ್ಜ ಬಿದ್ದಾನು ಎಂಬ ಭಯಕ್ಕೆ ಬಲೆ ಕೊಟ್ಟೆ ಎಂದು ಹೇಳಬಹುದಿತ್ತು. ಕೇಳುವವರೂ ಒಪ್ಪುತ್ತಿದ್ದರು. ಆದರೆ ಆ ಭಯ ಅಮ್ಮನದು. ನನ್ನದು ಅಲ್ಲ. ನನಗೆ ಭಾನುವಾರ ಬೇಕಿತ್ತು — ಅಷ್ಟೇ. ತಡವಾಗಿ ಏಳಲು, ತಲೆಗೆ ಎಣ್ಣೆ ಹಚ್ಚಿಕೊಂಡು ಸುಮ್ಮನೆ ಕೂರಲು.

ಲ್ಯಾಬಿನಲ್ಲಿ ನನ್ನ ಜೊತೆಗಿದ್ದವಳ ಅಣ್ಣ ಹಣಕೋಣದವನು, ಕಾಳಿ ನದಿಯಲ್ಲಿ ಮೀನು ಹಿಡಿಯುತ್ತಾನೆ. ಅವನ ಬಲೆ ಹರಿದಿದೆ ಎಂದು ಅವಳು ಹೇಳಿದ್ದಳು. ಆ ಸೋಮವಾರ ಅಜ್ಜ ಚಹಾ ಕುಡಿಯುತ್ತಿದ್ದಾಗ ನಾನು ಹಿಂದಿನ ಜಗಲಿಗೆ ಹೋದೆ. ಬಲೆ ಇನ್ನೂ ಒದ್ದೆಯಿತ್ತು. ಬಸ್ಸಿನಲ್ಲಿ ಮಣಿಗಳು ಗಲಗಲ ಎಂದವು. ಕಂಡಕ್ಟರ್ ಮೂಗು ಮುಚ್ಚಿಕೊಂಡು, ಯಾರ ಮನೆಗೆ ಊಟಕ್ಕೆ ಹೊರಟೆ ತಂಗಿ ಎಂದು ಕೇಳಿದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಅಜ್ಜ ಇನ್ನು ಹಳ್ಳಕ್ಕೆ ಹೋಗುವುದಿಲ್ಲವಂತೆ, ಅವನೇ ಕೊಟ್ಟು ಕಳಿಸಿದ್ದಾನೆ — ಗೆಳತಿಗೆ ಹೀಗೆ ಹೇಳಿದೆ. ಅದು ಮೊದಲ ಸುಳ್ಳು. ಎರಡನೆಯದನ್ನು ನಾನು ಯೋಚಿಸಿಟ್ಟಿರಲಿಲ್ಲ.

ಸಂಜೆ ಮನೆಗೆ ಬಂದಾಗ ಅಜ್ಜ ಬಲೆ ಹೆಣೆಯುವ ಕಡ್ಡಿ ಹಿಡಿದುಕೊಂಡು ಜಗಲಿಯಲ್ಲಿ ನಿಂತಿದ್ದ. ಬಲೆಯ ಒಂದು ಕಣ್ಣು ಹರಿದಿತ್ತು, ಸರಿ ಮಾಡೋಣ ಎಂದು ಬಂದಿದ್ದನಂತೆ. ಮೊಳೆ ಖಾಲಿ. ನೀನು ನಿನ್ನೆ ಬಲೆ ತಂದದ್ದು ನನಗೆ ನೆನಪಿಲ್ಲ ಅಜ್ಜ ಎಂದೆ. ಅವನು ಸಿಟ್ಟಾಗಲಿಲ್ಲ.

"ತಂದಿದ್ದೆ ಮಗಾ. ಈ ಮೊಳೆಗೇ ಹಾಕಿದ್ದೆ. ನಿನ್ನ ಪುಸ್ತಕದಲ್ಲಿ ಎಂತ ಬರ್ದಿದ್ದೆ, ನೋಡು."

ಒಳಗೆ ಹೋದೆ. ಭಾನುವಾರದ ಪುಟದಲ್ಲಿ ಇದ್ದದ್ದು ಇಷ್ಟು — ದಶಮಿ. ಶೇವ್ಟೆ ೯. ನೊಗ್ಲಿ ೪. ಏಡಿ ೧, ಸಣ್ಣದು, ಬಿಟ್ಟದ್ದು. ಕೆಳಗೆ ಎರಡು ಸಾಲು ಖಾಲಿ. ಕಳುವಾಗಿದೆ ಎಂದರೆ ಅಜ್ಜ ಇನ್ನೊಂದು ಬಲೆ ಹೆಣೆಯುತ್ತಾನೆ. ತಾನೇ ಮರೆತೆ ಎಂದು ಅನ್ನಿಸಿದರೆ ಹೆಣೆಯುವುದಿಲ್ಲ. ಇದು ನನಗೆ ಹೊಳೆಯಲು ಪೆನ್ನಿನ ಮುಚ್ಚಳ ತೆಗೆಯುವಷ್ಟು ಹೊತ್ತು ಸಾಕಾಯಿತು. ಬರೆದೆ. ಶಾಯಿ ಒಣಗಲಿ ಎಂದು ಊದಿದೆ. ಹೊರಗೆ ಬಂದು, ಬೆರಳಿಟ್ಟು ಓದಿದೆ:

"ಬಲೆ ತರಲಿಲ್ಲ. ಹಳ್ಳದ ಕಲ್ಲಿನ ಮೇಲೆ ಮರೆತದ್ದು."

ಅಜ್ಜ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡ. ಆಮೇಲೆ ಹೇಳಿದ, "ನೀ ಬರ್ದಿದ್ದೆ ಅಂದ್ರೆ ಹಂಗೇ ಇರ್ಬೇಕು."

ಮೂರು ದಿನ ಅವನು ಇಳಿತಕ್ಕೆ ಸರಿಯಾಗಿ ಹಳ್ಳಕ್ಕಿಳಿದು ಕಲ್ಲುಗಳ ಸಂದಿಯಲ್ಲಿ ಕಾಲಿನಿಂದ ತಡಕಾಡಿದ ಎಂದು ಅಮ್ಮ ಹೇಳಿದಳು. ಜಾರುವ ಕಲ್ಲುಗಳ ನಡುವೆ, ಒಬ್ಬನೇ. ಪಕ್ಕದ ಮನೆಯಾತ, ‘ಅಜ್ಜಾ, ನಾಳೆ ಉಟ್ಟ ಪಂಚೆ ಮರ್ತು ಬರ್ಬೇಡ’ ಎಂದು ತಮಾಷೆ ಮಾಡಿದನಂತೆ. ಮೊದಲ ದಿನ ಅಜ್ಜ ನಕ್ಕ. ಮೂರನೆಯ ದಿನ ಪಂಚೆಯನ್ನು ಮುಟ್ಟಿ ನೋಡಿಕೊಂಡ.

ಅಲ್ಲಿಂದ ಮುಂದೆ ಅವನು ಎಲ್ಲವನ್ನೂ ಕೇಳತೊಡಗಿದ. ಊಟ ಆಯ್ತಾ ನನ್ನದು? ಬಾಗಿಲು ಹಾಕಿದ್ನಾ? ಮಾಡಿದ ಕೆಲಸವನ್ನೇ ನಂಬದೆ ತಿರುಗಿ ಹೋಗಿ ನೋಡುತ್ತಿದ್ದ. ಅವನು ಕೇಳುತ್ತಾನೆಂದು ನಮ್ಮ ಮನೆಯವರೂ ಅವನ ಮಾತನ್ನು ನಂಬುವುದನ್ನು ಬಿಟ್ಟರು. ಆರು ತಿಂಗಳಾದ ಮೇಲೆ ಅಮ್ಮ, ನಾನು ಸೇರಿ ಕಾರವಾರದಲ್ಲಿ ಡಾಕ್ಟರಿಗೆ ತೋರಿಸಿದೆವು. ಮೊದಲು ಯಾವಾಗ ಗೊತ್ತಾಯಿತು ಎಂದು ಅವರು ಕೇಳಿದರು. ಅಮ್ಮ ನನ್ನ ಕಡೆ ತಿರುಗಿದಳು: "ಇವಳ ಹತ್ರ ತಾರೀಕು ಸಮೇತ ಬರ್ದಿಟ್ಟದ್ದು ಅದೆ."

ನಾನು ಓದಿದೆ. ಅವರು ಅದನ್ನು ಕಡತದ ಮೊದಲ ಸಾಲಿನಲ್ಲಿ ಬರೆದುಕೊಂಡರು. ಹೀಗೆ ಬರೆದಿಡುವವರು ಕಡಿಮೆ, ಮುಂದೆಯೂ ಬರೆಯಿರಿ, ಒಂದೇ ಮಾತನ್ನು ಎಷ್ಟು ಸಲ ಕೇಳುತ್ತಾರೆ ಎಣಿಸಿ ಎಂದರು. ಅವರ ತಪ್ಪೇನಿಲ್ಲ. ಅವರಿಗೆ ಸಿಕ್ಕಿದ್ದು ನಾನು ಕೊಟ್ಟದ್ದು. ಅಜ್ಜ ಪಕ್ಕದ ಕುರ್ಚಿಯಲ್ಲಿ, ಮೊಣಕಾಲುಗಳ ಮೇಲೆ ಕೈಯಿಟ್ಟುಕೊಂಡು, ಬೇರೆ ಯಾರದೋ ವಿಷಯ ಕೇಳುವಂತೆ ಕೇಳುತ್ತಿದ್ದ.

ನಾನು ಎಣಿಸಿದೆ. ಹೌದು — ಎಣಿಸಿದೆ. ‘ಬಲೆ ನಾನು ತಂದಿದ್ದೆ ಅಲ್ವಾ?’ ಎಂದು ಅಜ್ಜ ಕೇಳಿದ್ದು ಒಟ್ಟು ಅರವತ್ತಮೂರು ಸಲ. ಅರವತ್ತಮೂರು ಸಲವೂ ಅವನು ಹೇಳಿದ್ದು ಸರಿಯಿತ್ತು. ಅಷ್ಟೂ ಸಲ ನಾನು ಅದನ್ನು ರೋಗದ ಲೆಕ್ಕಕ್ಕೆ ಬರೆದೆ.

ಭಾನುವಾರಗಳು ನನಗೆ ಸಿಕ್ಕವು. ಆ ಪುಟಗಳನ್ನು ನಿನ್ನೆ ತಿರುವಿ ನೋಡಿದೆ. ಏನೂ ಬರೆದಿಲ್ಲ. ಬರೆಯುವಂಥದ್ದು ಏನೂ ನಡೆದಿಲ್ಲ.

ಕೊನೆಯ ವರ್ಷ ಅವನು ನಿಜಕ್ಕೂ ಮರೆಯುತ್ತಿದ್ದ. ಅಜ್ಜಿ ತೀರಿಕೊಂಡದ್ದನ್ನು ಮರೆತ. ನನ್ನ ಹೆಸರನ್ನು ಎರಡು ಸಲ ಮರೆತ. ಹೇಗಿದ್ದರೂ ಬರಲಿದ್ದ ರೋಗವೇ ಅದು, ಅಥವಾ ನಾನು ಅವನಿಗೆ — ಗೊತ್ತಿಲ್ಲ. ಗೊತ್ತಾಗುವ ದಾರಿ ಮುಚ್ಚಿದವಳು ನಾನೇ. ಒಂದು ಮಧ್ಯಾಹ್ನ ಜಗಲಿಯಲ್ಲಿ ಮಲಗಿದ್ದವನು ನನ್ನನ್ನು ಕರೆದ. ಬಲೆಯ ಮಾತು ಎಂದುಕೊಂಡೆ. ಅಲ್ಲ.

"ನಾ ಯಾವಾಗಾದ್ರೂ ಮೀನು ಹಿಡೀತಿದ್ನಾ?"

ಹಳೆಯ ಪುಸ್ತಕಗಳನ್ನೆಲ್ಲ ತಂದು ಪಕ್ಕದಲ್ಲಿ ಕುಳಿತು ಓದಿದೆ. ಪಾಡ್ಯ, ಶೇವ್ಟೆ ಹದಿನಾಲ್ಕು. ಹುಣ್ಣಿಮೆ, ನೊಗ್ಲಿ ಇಪ್ಪತ್ತೊಂದು. ಚೌತಿಯ ಮರುದಿನ, ಬರಿಗೈ, ದಾರಿಯಲ್ಲಿ ಅಜ್ಜ ಹಾಡಿದ್ದು. ಬಿಸಿಲು ಜಗಲಿ ಬಿಟ್ಟು ಹೋಗುವವರೆಗೆ ಓದಿದೆ. ಆ ಭಾನುವಾರ ಬಂದಾಗ ಎರಡು ಪುಟ ಒಟ್ಟಿಗೆ ತಿರುವಿದೆ. ಆಗಲೂ — ಆಗಲೂ ಹೇಳಲಿಲ್ಲ. ಅವನು ಕಣ್ಣು ಮುಚ್ಚಿಕೊಂಡು ಕೇಳಿ, ನಾಲಿಗೆಯಿಂದ ಆ ಮೊಂಡು ಹಲ್ಲನ್ನು ಸವರಿಕೊಂಡು, ನೀ ಬರ್ದಿದ್ದೆ ಅಂದ್ರೆ ಹೌದು ಎಂದ. ಹನ್ನೊಂದು ದಿನಕ್ಕೆ ತೀರಿಕೊಂಡ.

ಹೋದ ಭಾನುವಾರ ಹಣಕೋಣಕ್ಕೆ ಹೋಗಿದ್ದೆ. ನಾನು ಕೇಳಿದ ಕೂಡಲೇ ಗೆಳತಿಯ ಅಣ್ಣ ಬಲೆಯನ್ನು ತಂದುಕೊಟ್ಟ. ನಡುವೆ ಹರಿದಿದ್ದಲ್ಲಿ ಅವನು ನೀಲಿ ದಾರ ಹಾಕಿದ್ದಾನೆ. ಉಳಿದ ಗಂಟುಗಳೆಲ್ಲ ಅಜ್ಜನವು. ‘ಬಲೆ ಚಲೋ ಬೀಳ್ತದೆ ಅಂತ ಅಜ್ಜನಿಗೆ ಹೇಳು ಎಂದು ಪ್ರತಿ ಮಳೆಗಾಲ ತಂಗಿಯ ಕೈಲಿ ಹೇಳಿ ಕಳಿಸಿದ್ದೆ, ಹೇಳಿದ್ಯಾ?’ ಎಂದು ಅವನು ಕೇಳಿದ. ಇಲ್ಲ ಎಂದೆ. ನಾಲ್ಕು ವರ್ಷದಲ್ಲಿ ಈ ವಿಷಯದಲ್ಲಿ ನಾನು ಆಡಿದ ಮೊದಲ ನಿಜ ಅದು.

ಈಗ ಮಧ್ಯಾಹ್ನ ಮೂರೂವರೆ. ಎಡೆಗೆ ನೊಗ್ಲಿ ಬೇಕೆಂದು ಅಮ್ಮ ಅಂಕೋಲಾ ಪೇಟೆಗೆ ಹೋಗಿದ್ದಾಳೆ, ನಾಲ್ಕರ ಬಸ್ಸಿಗೆ ಬರುತ್ತಾಳೆ. ಬಲೆಯನ್ನು ಹಿಂದಿನ ಜಗಲಿಯ ಮೊಳೆಗೆ ಹಾಕಿದ್ದೇನೆ. ದಿನಚರಿಯ ಆ ಎರಡು ಸಾಲುಗಳನ್ನು ಹೊಡೆದುಹಾಕಿಲ್ಲ. ನನ್ನ ಕೈಬರಹ, ಇರಲಿ. ಮೀನು ತೊಳೆಯಲು ಅಮ್ಮ ಹಿಂದಿನ ಜಗಲಿಗೇ ಬರಬೇಕು. ಬಂದು ನೋಡಿ, ಇದು ಎಲ್ಲಿ ಸಿಕ್ಕಿತು ಎಂದು ಕೇಳುತ್ತಾಳೆ.

ಪುಸ್ತಕ ತರಲು ಒಳಗೆ ಹೋಗುವುದಿಲ್ಲ. ಅಲ್ಲೇ ನಿಂತು ಹೇಳುತ್ತೇನೆ.