ಉಂಡವರೇ ತಟ್ಟೆ ಎತ್ತಬೇಕು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಎನ್. ಬೇಗೂರಿನ ಪಕ್ಕದ ಜೇನುಕುರುಬರ ಹಾಡಿಯಲ್ಲಿ ಆಗಲೇ ಠಣಠಣ ಸದ್ದು. ಚಿಕ್ಕಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟೀಲ್ ತಟ್ಟೆಗಳನ್ನು ಒಂದೊಂದಾಗಿ ಎತ್ತಿ, ಹೆಬ್ಬೆರಳಲ್ಲಿ ಉಜ್ಜಿ ನೋಡುತ್ತಿದ್ದಾರೆ. ಕೀಚ್ ಎಂದರೆ ಜಿಡ್ಡು ಹೋಗಿದೆ, ತಟ್ಟೆ ಚೀಲಕ್ಕೆ. ಸದ್ದು ಬರದಿದ್ದರೆ ಮತ್ತೆ ಬೂದಿ, ತೆಂಗಿನ ನಾರು, ಬಿಸಿನೀರು. ಆಟೋ ಬಂದು ನಿಂತು ಹಾರನ್ ಹೊಡೆಯುತ್ತಿದೆ, ಗಂಡ ಬೆಳ್ಳ ಚೀಲಗಳನ್ನು ಏರಿಸುತ್ತಿದ್ದಾನೆ, ಚಿಕ್ಕಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ.

“ಮುನ್ನೂರು ಜನ ಉಣ್ತಾರೆ. ಒಂದೇ ಒಂದು ತಟ್ಟೇಲಿ ವಾಸ್ನೆ ಬಂದ್ರೂ ಊರೆಲ್ಲ ಅದೇ ಮಾತು ಕಣ್ರೀ. ಆಡ್ಕಳೋರ್ಗೇನು ಬರವಾ?” ಎಂದು ನಮ್ಮನ್ನು ಕೇಳುತ್ತಾರೆ.

ಅವರ ಕಳವಳಕ್ಕೆ ಕಾರಣವಿದೆ. ಇವತ್ತು ಬೇಗೂರಿನ ಸಣ್ಣಯ್ಯನವರ ಮನೆಯಲ್ಲಿ ಬೀಗರೂಟ. ಮಗಳು ಭಾಗ್ಯಳನ್ನು ಭೇರ್ಯಕ್ಕೆ ಕೊಟ್ಟಿದ್ದಾರೆ. ಗಂಡಿನ ಕಡೆಯವರು ಬಸ್ಸು ಮಾಡಿಕೊಂಡು ಬಾಡೂಟಕ್ಕೆ ಬರುತ್ತಿದ್ದಾರೆ. ಇದುವರೆಗೆ ನಾಮಕರಣ, ತಿಥಿ ಎಂದು ಸಣ್ಣಪುಟ್ಟ ಊಟಗಳಿಗೆ ಬಾಡಿಗೆಗೆ ಹೋಗಿ ಬರುತ್ತಿದ್ದ ಚಿಕ್ಕಿಯ ತಟ್ಟೆಗಳಿಗೆ ಇದೇ ಮೊದಲ ದೊಡ್ಡ ಊಟ. ಇದು ಸಲೀಸಾಗಿ ನಡೆದರೆ ಊರಿನ ಊಟಗಳಿಗೆಲ್ಲ ಇವೇ ತಟ್ಟೆ. ಕೆಟ್ಟರೆ ಕಾಗದದ ತಟ್ಟೆಯೇ ಗತಿ.

ಕಾಗದದ ತಟ್ಟೆ ಎಂಬುದು ಹೆಸರಿಗೆ ಮಾತ್ರ, ಒಳಗೆಲ್ಲ ಪ್ಲಾಸ್ಟಿಕ್ಕಿನ ಹೊದಿಕೆ. ಉಂಡು ಮಡಚಿ ಹಿತ್ತಿಲಾಚೆ ಎಸೆದರೆ ಊಟ ಮುಗಿದಂತೆ. ಹಿತ್ತಿಲಾಚೆ ಇರುವುದು ಕಾಡು. ಬೆಳ್ಳ ಅರಣ್ಯದಲ್ಲಿ ದಿನಗೂಲಿಗೆ ಕಾವಲು ಕಾಯುವವನು. ಎರಡು ವರ್ಷದ ಹಿಂದೆ ಒಂದು ದಿನ ಆನೆ ಲದ್ದಿಯನ್ನು ಕಡ್ಡಿಯಲ್ಲಿ ಕೆದಕಿದರೆ ತಟ್ಟೆಯ ಚೂರುಗಳು, ಬಣ್ಣವೂ ಮಾಸಿರಲಿಲ್ಲ. ಮನೆಗೆ ಬಂದವನು ಅವತ್ತು ರಾತ್ರಿ ಮುದ್ದೆ ಮುಟ್ಟಲಿಲ್ಲವಂತೆ.

“ಉಪ್ಪು ಖಾರದ ವಾಸ್ನೆಗೆ ತಿಂದುಬುಡ್ತವೆ, ಅವಕ್ಕೇನ್ ಗೊತ್ತಾಯ್ತದೆ” ಎನ್ನುತ್ತಾರೆ ಚಿಕ್ಕಿ. “ನಾನೂ ಹಾಡೀಲಿ ಆ ತಟ್ಟೇಲೇ ಉಂಡು ಎಸ್ದೋಳೇ. ಅದಕ್ಕೇ ಹೊಟ್ಟೆ ಉರೀತು.”

ಉರಿದ ಹೊಟ್ಟೆ ಸುಮ್ಮನೆ ಕೂರಲಿಲ್ಲ. ಹಾಡಿಯ ಮಹಿಳಾ ಸಂಘದ ಹೆಂಗಸರನ್ನು ಕಟ್ಟಿಕೊಂಡು ಎಚ್.ಡಿ. ಕೋಟೆಯ ಗುಜರಿ ಅಂಗಡಿಗೆ ಹೋದರು. ಹೊಸ ತಟ್ಟೆ ಕೊಳ್ಳುವ ತಾಕತ್ತು ಸಂಘಕ್ಕಿರಲಿಲ್ಲ. ಜನ ಹಳೇ ಪಾತ್ರೆ ಹಾಕಿ ಹೋದದ್ದು ಅಲ್ಲಿ ರಾಶಿ ಬಿದ್ದಿತ್ತು, ತೂಕಕ್ಕೆ ಸಿಕ್ಕಿತು. ಸೊಟ್ಟಗಾದವನ್ನು ಬೆಳ್ಳ ಮರದ ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಿದ. ಹೀಗಾಗಿ ಚಿಕ್ಕಿಯ ತಟ್ಟೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಯಾರದೋ ಮದುವೆಯ ಉಡುಗೊರೆ, ಯಾರದೋ ಗೃಹಪ್ರವೇಶದ ನೆನಪು, ಎಲ್ಲದರ ಮೇಲೂ ಕೊರೆದ ಹೆಸರು.

ಇಷ್ಟೆಲ್ಲ ಮಾಡಿ ಚಿಕ್ಕಿ ಕೇಳುವ ಬಾಡಿಗೆ ಹೆಚ್ಚೇನಲ್ಲ. ಕಷ್ಟವಿರುವುದು ಅವರ ಷರತ್ತಿನಲ್ಲಿ. ಉಂಡವರೇ ತಮ್ಮ ತಟ್ಟೆ ಎತ್ತಬೇಕು. ಮೂಳೆಯನ್ನು ಒಂದು ಬಕೆಟ್ಟಿಗೆ, ಮಿಕ್ಕ ಅನ್ನ ಮುದ್ದೆಯನ್ನು ಇನ್ನೊಂದಕ್ಕೆ ಸುರಿದು, ತಟ್ಟೆಯನ್ನು ನೀರಿನ ತೊಟ್ಟಿಯಲ್ಲಿ ಬಿಟ್ಟು ಹೋಗಬೇಕು. ಮೂಳೆ ನಾಯಿಗೆ, ಅನ್ನ ಗೊಬ್ಬರದ ಗುಂಡಿಗೆ. ಹೊರಗೆ ಎಸೆಯುವಂಥದ್ದು ಹಿಡಿಯಷ್ಟೂ ಉಳಿಯುವುದಿಲ್ಲ.

“ನಮ್ಮವ್ವನ ಕಾಲದಿಂದ್ಲೂ ಊರಲ್ಲಿ ಊಟ ಅಂದ್ರೆ ಎಂಜಲೆಲೆ ಎತ್ತಾಕೆ ನಮ್ಮನ್ನ ಕರೆಯೋರು. ಎತ್ತಾದ್ ಮ್ಯಾಲೆ ಉಳ್ದದ್ದ ಪಾತ್ರೆಗೆ ಆಕಿ ಕಳಿಸೋರು. ತೊಳಿಯಾದು ಕೆಲ್ಸ ಕಣ್ರೀ, ಅದನ್ನ ಮಾಡ್ತೀವಿ. ಕೂತೋರ ಮುಂದೆ ಬಗ್ಗಿ ಎಂಜಲು ಎತ್ತಾದು ಮಾತ್ರ ಇನ್ ಆಗಕಿಲ್ಲ.”

ಎಲ್ಲ ಸರಿ, ಆದರೆ ಇವತ್ತು ಬರುವವರು ಬೀಗರು. ಹೆಣ್ಣು ಕೊಟ್ಟ ಮನೆಯಲ್ಲಿ ಬೀಗರ ಕೈಯಲ್ಲಿ ಎಂಜಲು ತಟ್ಟೆ ಎತ್ತಿಸುವುದುಂಟೆ? ಹತ್ತು ಗಂಟೆಯ ಹೊತ್ತಿಗೆ, ಪೆಂಡಾಲಿನ ಹಿಂದೆ ತೊಟ್ಟಿಗೆ ನೀರು ತುಂಬಿಸುತ್ತಿದ್ದ ಚಿಕ್ಕಿಯ ಹತ್ತಿರ ಸಣ್ಣಯ್ಯ ಬಂದು ನಿಲ್ಲುತ್ತಾರೆ. ಮುಖದಲ್ಲಿ ಬೆವರು.

“ಚಿಕ್ಕಿ, ಇದೊಂದ್ ಪಂಕ್ತಿ ಬುಟ್ಬುಡಮ್ಮಿ. ಬೀಗ್ರು ಒಂದ್ಸಲ ಎದ್ದೋಗ್ಲಿ. ಆಮೇಲೆ ನಮ್ಮೂರೋರು ಎತ್ತೇ ಎತ್ತಾರೆ. ನನ್ ಮಗಳು ಆ ಮನೇಲಿ ಬಾಳ್ಬೇಕಲ್ವಾ?”

“ಬೇಜಾರ್ ಮಾಡ್ಕಬ್ಯಾಡಣ್ಣ. ಒಂದ್ಸಲ ಬುಟ್ರೆ ಬುಟ್ಟಂಗೇಯ. ಆಗಕಿಲ್ಲ ಅಂದ್ರೆ ಹೇಳ್ಬುಡು, ತಟ್ಟೆ ಆಟೋಗೆ ಏರಿಸ್ತೀನಿ.”

ಸಣ್ಣಯ್ಯ ಬೆವರು ಒರೆಸಿಕೊಂಡು ಪೆಂಡಾಲಿಗೆ ಹಿಂದಿರುಗುತ್ತಾರೆ. ಹೆಚ್ಚುಕಡಿಮೆಯಾದರೆ ಇರಲಿ ಎಂದು ಅವರು ಕಾಗದದ ತಟ್ಟೆಯ ಕಟ್ಟುಗಳನ್ನು ತಂದು ಅಡುಗೆಯವರ ಮೂಲೆಯಲ್ಲಿ ಬಚ್ಚಿಟ್ಟಿದ್ದಾರೆ. ಚಿಕ್ಕಿ ಅದನ್ನು ಬಂದ ಕೂಡಲೇ ನೋಡಿದ್ದಾರೆ. ನೋಡಿಯೂ ನೋಡದವರಂತೆ ನೀರು ಹೊಯ್ಯುತ್ತಿದ್ದಾರೆ, ಅಷ್ಟೇ.

ಬಸ್ಸು ಬರುತ್ತದೆ. ಮೊದಲ ಪಂಕ್ತಿ ಬೀಗರದು. ಮುದ್ದೆ ಬೀಳುವ ಮೊದಲೇ ಪೆಂಡಾಲಿನಲ್ಲಿ ನಗು ಎದ್ದಿದೆ. “ಲೋ, ನನ್ ತಟ್ಟೇಲಿ ಸುಕನ್ಯ ಅಂತ ಬರ್ದದೆ ಕಣ್ಲಾ” ಎಂದು ಒಬ್ಬ ಹೇಳಿದರೆ, “ನಿನ್ ಹೆಂಡ್ರಿಗೆ ತೋರಿಸ್ಬ್ಯಾಡ, ಬೇಗ ಸಾರು ಬುಡ್ಸ್ಕೊಂಡು ಮುಚ್ಚು” ಎಂದು ಪಕ್ಕದವನ ಉತ್ತರ. ತಟ್ಟೆ ಯಾರು ತೊಳೆದದ್ದೆಂದು ಒಬ್ಬರೂ ಕೇಳುವುದಿಲ್ಲ. ಚಿಕ್ಕಿ ಪರದೆಯ ಸಂದಿಯಿಂದ ನೋಡುತ್ತಾ ನಿಂತಿದ್ದಾರೆ, ಒದ್ದೆ ಕೈಯನ್ನು ಮತ್ತೆ ಮತ್ತೆ ಸೆರಗಿಗೆ ಒರೆಸಿಕೊಳ್ಳುತ್ತಾ.

ಮಜ್ಜಿಗೆಯೂ ಆಯಿತು, ಬಾಳೆಹಣ್ಣೂ ಆಯಿತು. ಈಗ ಏಳಬೇಕು. ಯಾರೂ ಏಳುತ್ತಿಲ್ಲ. ಷರತ್ತಿನ ಸುದ್ದಿ ಬೀಗರ ಕಿವಿಗೂ ಬಿದ್ದಿದೆ. ಎತ್ತಿದರೆ ಮರ್ಯಾದೆಗೆ ಕಮ್ಮಿ, ಎತ್ತದಿದ್ದರೆ ಹೇಗೋ ಏನೋ ಎಂದು ಎಲ್ಲರ ಕಣ್ಣೂ ಹುಡುಗನ ತಂದೆ ಜಯರಾಮನವರ ಮೇಲೆ. ಅವರ ಕಣ್ಣು ತಮ್ಮ ತಟ್ಟೆಯ ಮೇಲೆ. ಸಣ್ಣಯ್ಯನವರ ಹೆಂಡತಿ ರಾಚಮ್ಮ ಮುಂದಿನ ಪಂಕ್ತಿಗೆ ಕಾಗದದ ತಟ್ಟೆ ತರಲು ಅಡುಗೆಯವರ ಮೂಲೆಯ ಕಡೆ ಹೆಜ್ಜೆ ಹಾಕಿಯೇಬಿಟ್ಟರು. ಚಿಕ್ಕಿ ಮಾತ್ರ ತೊಟ್ಟಿಯ ಪಕ್ಕ ಬಿಟ್ಟು ಕದಲುವುದಿಲ್ಲ.

ಆಗ ಸಣ್ಣಯ್ಯ ಪಂಚೆ ಎತ್ತಿಕಟ್ಟಿ, ಯಾರೂ ಎಣಿಸದ ಕೆಲಸ ಮಾಡುತ್ತಾರೆ. ಸೀದಾ ಹೋಗಿ ಜಯರಾಮನವರ ತಟ್ಟೆಗೆ ಕೈ ಹಾಕುತ್ತಾರೆ. “ನೀವ್ ಏಳಿ ಬೀಗ್ರೇ, ನಿಮ್ದು ನಾನ್ ಎತ್ತೀನಿ.”

“ಏ, ಬುಡಿ ಬುಡಿ, ಎಣ್ ಕೊಟ್ಟೋರು ನೀವು, ನೀವ್ ಎತ್ತಬೋದಾ?”

“ಬುಡಿ ಅಂದ್ರೆ.”

“ನೀವ್ ಬುಡಿ ಅಂತೀನಿ.”

ಒಂದು ತಟ್ಟೆಗೆ ನಾಲ್ಕು ಕೈ. ಈ ಕಡೆ ಎಳೆತ, ಆ ಕಡೆ ಎಳೆತ. ಉಳಿದಿದ್ದ ಸಾರು ಬೀಗರ ಬಿಳಿ ಪಂಚೆಯ ಮೇಲೆ ಚೆಲ್ಲಿ, ಒಂದು ಮೂಳೆ ಹಾರಿ ಪಕ್ಕದವರ ಮಡಿಲು ಸೇರುತ್ತದೆ. ಇಡೀ ಪೆಂಡಾಲು ಬಿದ್ದು ಬಿದ್ದು ನಗುತ್ತಿರುವಾಗ, ಜಯರಾಮನವರ ತಾಯಿ ಮರಮ್ಮ ಮೊಣಕಾಲಿಗೆ ಕೈ ಕೊಟ್ಟು ಎದ್ದು, ತಮ್ಮ ತಟ್ಟೆ ಎತ್ತಿಕೊಳ್ಳುತ್ತಾರೆ.

“ನೀವು ಕಿತ್ತಾಡ್ಕೊಂಡಿರಿ. ನಾ ಉಂಡ ಎಂಜಲು ನಂಗೇ ಭಾರವಾ?”

ಅಜ್ಜಿ ಎದ್ದ ಮೇಲೆ ಹೆಂಗಸರ ಸಾಲು ಕೂತಿರುತ್ತದೆಯೇ? ಹೆಂಗಸರು ಎದ್ದ ಮೇಲೆ ಗಂಡಸರಿಗೇನು ಕೊಂಬು? ನೋಡನೋಡುತ್ತಲೇ ತೊಟ್ಟಿಯ ಮುಂದೆ ಸಾಲು. “ಮೂಳೆ ಈ ಕಡೀಕೆ, ಅನ್ನ ಆ ಕಡೀಕೆ” ಎಂದು ಚಿಕ್ಕಿ ಹೇಳುತ್ತಿದ್ದಾರೆ. ಬೀಗರು, ನೆಂಟರು, ಊರಿನ ಯಜಮಾನರು ಎಲ್ಲರೂ ಅವರ ಮುಂದೆ ಬಂದು ತಟ್ಟೆ ಕೊಟ್ಟು ಹೋಗುತ್ತಿದ್ದಾರೆ. ಕಾಗದದ ತಟ್ಟೆಯ ಕಟ್ಟು ಬಿಚ್ಚದೆಯೇ ಉಳಿಯುತ್ತದೆ. ತಂದ ಅಂಗಡಿಗೇ ವಾಪಸ್ ಕೊಡುವುದಾಗಿ ಸಣ್ಣಯ್ಯ ಹೇಳುತ್ತಾರೆ, ಸ್ವಲ್ಪ ನಾಚಿಕೆಯಲ್ಲೇ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಪಂಕ್ತಿಗಳೆಲ್ಲ ಮುಗಿದು, ತೊಳೆಯುವ ಹೆಂಗಸರಿಗೂ ಹಸಿವಾಗಿದೆ. ರಾಚಮ್ಮ ರೂಢಿಯಂತೆ ಕೇಳುತ್ತಾರೆ, “ಪಾತ್ರೆ ತಂದಿದ್ದೀಯಾ ಚಿಕ್ಕಿ, ಆಕಿ ಕೊಡ್ಲಾ?”

“ಬ್ಯಾಡ ಕಣವ್ವ. ತಟ್ಟೆಗೇ ಆಕು, ಇಲ್ಲೇ ಉಣ್ತೀವಿ.”

ರಾಚಮ್ಮ ಚಾಪೆ ಬಿಡಿಸುತ್ತಾರೆ. ಹಾಡಿಯ ಹೆಂಗಸರು ಬೀಗರು ಕೂತ ಜಾಗದಲ್ಲೇ ಸಾಲಾಗಿ ಕೂರುತ್ತಾರೆ. ಬಿಸಿ ಮುದ್ದೆ, ಸಾರು, ಕೇಳಿ ಕೇಳಿ ಬಡಿಸುವ ಕೈ. ಇನ್ನೇನು ಬೇಕು ಎಂದು ನಾವು ಕೇಳಿದರೆ ಚಿಕ್ಕಿ ತುತ್ತು ನುಂಗಿ, ನಾಚಿಕೊಂಡೇ ಹೇಳುತ್ತಾರೆ.

“ಸುಗ್ಗಿ ಕಳುದ್ರೆ ಮಗಳು ಪೂಜಾ ಮದ್ವೆ. ಹಾಡೀಲೇ ಊಟ. ಊರೋರು ಯಾರೂ ಇದುವರ್ಗೂ ನಮ್ಮಲ್ಲಿ ಬಂದು ಉಂಡಿಲ್ಲ. ಬಂದು ಉಣ್ಬೇಕು, ಅದೊಂದೇಯ.”

ಸಾರಿನ ಪಾತ್ರೆ ಹಿಡಿದು ನಿಂತ ರಾಚಮ್ಮನ ಕಿವಿಗೂ ಅದು ಬೀಳುತ್ತದೆ. “ಕರೀದೆ ಎಂಗ್ ಬರಾದಮ್ಮಿ?”

ಚಿಕ್ಕಿ ತಲೆ ಎತ್ತಿ ನೋಡುತ್ತಾರೆ. “ಈಗ ಕರ್ದೆ ಕಣವ್ವ. ಬಂದು ಉಂಡೋಗು.”