ಬಾಗಿಲು ಹಿಡಿದು ನಿಂತವಳು

೧೯೮೬ರಲ್ಲಿ ನನ್ನ ಓದು ನಿಂತಿತು. ಏಳನೇ ತರಗತಿ ಮುಗಿಸಿದವನು ಎಂಟಕ್ಕೆ ಸೇರುವ ಬದಲು ಸಾಗರದ ಒಂದು ಬೈಂಡಿಂಗ್ ಅಂಗಡಿಯಲ್ಲಿ ಅಂಟು ಕುದಿಸಲು ಕೂತೆ. ಆ ಅಂಗಡಿ ಈಗ ನನ್ನದೇ. ಯಾರ ಕಾಲು ಹಿಡಿದು ಪಡೆದದ್ದಲ್ಲ. ಶಾಲೆ ಬಿಟ್ಟವನು ಎಂದು ಯಾರಾದರೂ ಮೂಗು ಮುರಿದರೆ, "ನಾನು ಹೊಲಿದಷ್ಟು ಪುಸ್ತಕ ನೀವು ಓದಿದೀರಾ?" ಎಂದು ಕೇಳುವುದು ನನ್ನ ಅಭ್ಯಾಸ. ಹೊಲಿಯುವ ಮುಂಚೆ ಪ್ರತಿಯೊಂದನ್ನೂ ಓದುತ್ತೇನೆ ಎಂಬ ಜಂಬವೂ ಇತ್ತು.

ನಮ್ಮ ಕಡೆ ಹೆಂಗಸರಿಗೊಂದು ರೂಢಿ. ವಾರಪತ್ರಿಕೆಯಲ್ಲಿ ಬರುವ ಧಾರಾವಾಹಿಯ ಹಾಳೆಗಳನ್ನು ವಾರವಾರವೂ ಬಿಡಿಸಿ ಎತ್ತಿಟ್ಟು, ಕಥೆ ಮುಗಿದ ಮೇಲೆ ಬೈಂಡ್ ಮಾಡಿಸುತ್ತಿದ್ದರು. ಅಂಥ ಹಳೇ ಕಟ್ಟುಗಳು ಈಗಲೂ ಆಗೊಮ್ಮೆ ಈಗೊಮ್ಮೆ ಬರುತ್ತವೆ. ಹೊಲಿಗೆಗೆ ಬೇಡವಾದ ಕಾಗದ, ಅಂದರೆ ಕತ್ತರಿಸಿದ ಅಂಚು, ಜಾಹೀರಾತು, ಎರಡೆರಡು ಸಲ ಸೇರಿಕೊಂಡ ಹಾಳೆ, ಇವೆಲ್ಲ ಬೈಂಡ್ ಮಾಡುವವನಿಗೆ ಸೇರಿದ್ದು. ಅದನ್ನು ಯಾರೂ ಕೇಳುವುದಿಲ್ಲ. ನಾನು ಅದರಿಂದಲೇ ಚಿತ್ರ ಮಾಡುತ್ತೇನೆ. ಕಥೆ ಓದಿ ಮನಸ್ಸಿನಲ್ಲಿ ನಿಂತದ್ದನ್ನು ಅದೇ ಕಥೆಯ ಕಾಗದ ಕತ್ತರಿಸಿ ರಟ್ಟಿನ ಮೇಲೆ ಅಂಟಿಸುವುದು. ಬೇರೆ ಕಾಗದದ ಒಂದು ಚೂರನ್ನೂ ಬೆರೆಸುವುದಿಲ್ಲ, ಅದು ನನ್ನ ಹಠ. ತೀರ್ಥಹಳ್ಳಿಯ ಡ್ರಾಯಿಂಗ್ ಮೇಷ್ಟ್ರೊಬ್ಬರು ನೋಡಿ, "ಇದಕ್ಕೆ ಕೊಲಾಜ್ ಅಂತಾರೆ ಮಾರಾಯ್ರೆ, ನೀವು ಕಲಾವಿದರು!" ಎಂದರು. ಅಲ್ಲಿಯವರೆಗೆ ನಾನು ಅಂಟುಚಿತ್ರ ಎನ್ನುತ್ತಿದ್ದೆ. ತಮ್ಮ ಶಾಲೆಯಲ್ಲಿ ಪ್ರದರ್ಶನ ಇಡುತ್ತೇನೆ, ಹೊಸದೊಂದು ದೊಡ್ಡ ಚಿತ್ರ ಬೇಕು ಎಂದೂ ಹೇಳಿದರು.

ಅದೇ ಹೊತ್ತಿಗೆ ಹೊಸನಗರದಿಂದ ಒಬ್ಬಾಕೆ ಒಂದು ಕಟ್ಟು ತಂದರು. ಅಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡವರು.

"ಅಣ್ಣಾ, ಇದು ಅವ್ವ ಕೂಡಿಟ್ಟಿದ್ದು. ಈಗ ಅವ್ಳಿಗೆ ಕಣ್ಣು ಕಾಣಲ್ಲ, ನಾನೇ ಓದಿ ಹೇಳ್ಬೇಕು. ಬಿಡಿ ಹಾಳೆ ಹಿಡ್ಕಂಡ್ರೆ ಪುಡಿ ಪುಡಿ ಆಗ್ತವೆ. ಗಟ್ಟಿ ಹೊಲ್ದು ಕೊಡಿ."

ಹೊಳೆದಂಡೆಯಲ್ಲಿ ಊಟದ ಮನೆ ನಡೆಸುವ ಒಬ್ಬ ಹೆಂಗಸಿನ ಕಥೆ. ಬಿಟ್ಟುಹೋದ ಗಂಡ ಎಷ್ಟೋ ವರ್ಷದ ಮೇಲೆ ಬಂದು ಬಾಗಿಲು ತಟ್ಟುತ್ತಾನೆ, ಇವಳು ತೆರೆಯುತ್ತಾಳೆ. ಆ ವಾರದ ಚಿತ್ರದಲ್ಲಿ ಅವಳು ಒಂದು ಕೈಯಲ್ಲಿ ಬಾಗಿಲು ಹಿಡಿದು ನಿಂತಿದ್ದಳು. ಹುಳು ತಿಂದು ಹಾಳೆಗಳ ಮೇಲಂಚು ಹೋಗಿತ್ತು, ಎಷ್ಟನೇ ಕಂತು ಎಂಬುದು ಹಲವು ಕಡೆ ಕಾಣುತ್ತಿರಲಿಲ್ಲ. ಹಾಳೆ ತಿರುವುತ್ತ ಹೋದರೆ ಮುಂದೆ ಅದೇ ಚಿತ್ರ ಮತ್ತೆ ಬಂತು. ಒಂದೇ ಕಂತು ಎರಡು ಸಲ ಸೇರಿಕೊಂಡಿದೆ ಅಂದುಕೊಂಡೆ. ಪ್ರದರ್ಶನದ ಆತುರ ಬೇರೆ. ಪ್ರತಿಯೊಂದನ್ನೂ ಓದುವವನು ಆ ಹಾಳೆಗಳನ್ನು ಮಾತ್ರ ಓದಲಿಲ್ಲ, ಪಕ್ಕಕ್ಕಿಟ್ಟೆ. ಅದರ ಮುಂದಿನ ಕಂತಿನಲ್ಲಿ ಗಂಡನ ಸುದ್ದಿಯೇ ಇರಲಿಲ್ಲ. ಬರೆದವರು ಇಲ್ಲಿ ಅವಸರ ಮಾಡಿದ್ದಾರೆ ಎಂದು ಅವರ ಮೇಲೇ ತಪ್ಪು ಹೊರಿಸಿ ಹೊಲಿದುಬಿಟ್ಟೆ.

ಪಕ್ಕಕ್ಕಿಟ್ಟ ಹಾಳೆಗಳಿಂದ ಚಿತ್ರ ಎದ್ದಿತು. ಬಾಗಿಲಲ್ಲಿದ್ದವಳನ್ನು ಸುತ್ತ ಕತ್ತರಿಸಿ ನಡುವೆ ನಿಲ್ಲಿಸಿದೆ. ಅಕ್ಷರದ ಸಾಲುಗಳನ್ನು ಉದ್ದುದ್ದ ಸೀಳಿ ಕಾಲ ಬುಡದಲ್ಲಿ ಹೊಳೆ ಹರಿಸಿದೆ. ಬಾಗಿಲು ಪೂರ್ತಿ ತೆರೆದಿತ್ತು. ತೀರ್ಥಹಳ್ಳಿಯಲ್ಲಿ ಜನ ಅದರ ಮುಂದೆ ನಿಂತು ನಿಂತು ನೋಡಿದರು. ಮೇಷ್ಟ್ರು ಶಾಲು ಹೊದೆಸಿದರು, ಚಿತ್ರವನ್ನು ಶಾಲೆಯ ಗೋಡೆಗೇ ಇಟ್ಟುಕೊಂಡರು. ಆ ಶಾಲನ್ನು ಹೊದ್ದುಕೊಂಡೇ ಬಸ್ಸಿನಲ್ಲಿ ಸಾಗರಕ್ಕೆ ಬಂದೆ. ಸೆಖೆ ಆದರೂ ತೆಗೆಯಲಿಲ್ಲ.

ಒಂದಷ್ಟು ದಿನ ಕಳೆದ ಮೇಲೆ ಹೊಸನಗರದಾಕೆ ಮತ್ತೆ ಅಂಗಡಿಗೆ ಬಂದರು.

"ಅಣ್ಣಾ, ಒಂದು ವಾರ ಇಲ್ಲ ಅಂತಾಳೆ ಅವ್ವ. ನಾನೇ ಹಾರಿಸ್ದೆ ಅಂತ ಬೈತಾಳೆ."

"ನೀವು ಕೊಟ್ಟಿದ್ದೇ ಅಷ್ಟು," ಎಂದೆ, ತಲೆ ಎತ್ತದೆ.

"ಇರ್ಬೋದು. ಆದ್ರೆ ಅವ್ಳಿಗೆ ಪೂರಾ ನೆನಪಿದೆ. ಅದೇ ಚಿತ್ರಾನ ಎರಡು ವಾರ ಹಾಕಿದ್ರಂತೆ. ಹೊಸ ಚಿತ್ರ ಬರ್ಸಕ್ಕೂ ಗತಿ ಇಲ್ವಾ ಅಂತ ಆವಾಗ್ಲೇ ಪತ್ರಿಕೆಯವ್ರಿಗೆ ಬೈದಿದ್ಲಂತೆ."

ನಾನು ಸೂಜಿ ಕೆಳಗಿಟ್ಟು ತಲೆ ಎತ್ತಿದೆ.

"ಅವ್ಳಿಗೆ ಬೇಕಾಗಿದ್ದೇ ಆ ವಾರ, ಅಣ್ಣಾ. ಉಳಿದಿದ್ದು ಕೇಳಿದ್ರೂ ಸೈ, ಬಿಟ್ರೂ ಸೈ ಅಂತಾಳೆ. ಒಂದ್ಸಲ ಹುಡುಕಿ ನೋಡ್ತೀರಾ?"

"ನೋಡ್ತೀನಿ," ಎಂದೆ.

ಮರುದಿನ ಅಂಗಡಿ ಮುಚ್ಚಿ ತೀರ್ಥಹಳ್ಳಿಗೆ ಹೋದೆ. ಚಿತ್ರ ವಾಪಸು ಬೇಕು ಎಂದಾಗ ಮೇಷ್ಟ್ರು ನಕ್ಕರು. ನಾನು ನಗದೆ, ನೀರಲ್ಲಿ ನೆನೆಸಿ ಹಾಳೆ ಬಿಡಿಸಬೇಕು ಎಂದೆ.

"ಇಷ್ಟು ಚಂದದ್ದನ್ನ ನೀರಿಗೆ ಹಾಕ್ತೀರಾ? ತಡೀರಿ, ಫೋಟೋ ಆದ್ರೂ ತೆಗೀತೀನಿ."

"ಬೇಡ ಸಾರ್," ಎಂದೆ.

ಮೈದಾ ಅಂಟು ಒದ್ದೆಯಾದರೆ ಬಿಡುತ್ತದೆ. ಅಂಗಡಿಗೆ ತಂದು, ರಟ್ಟಿನ ಮೇಲೆ ಒದ್ದೆ ಬಟ್ಟೆ ಹೊದೆಸಿ, ನೆನೆದಷ್ಟು ನೆನೆದಷ್ಟು ಚೂರುಗಳನ್ನು ಉಗುರಿನಿಂದ ಎಬ್ಬಿಸಿದೆ. ಕೆಲವು ಬೆರಳಿಗೇ ಅಂಟಿ ಹರಿದವು. ಹೊಳೆಯನ್ನು ಸಾಲು ಸಾಲಾಗಿ ಮೇಜಿನ ಮೇಲೆ ಜೋಡಿಸಿ ಮೊದಲ ಸಲ ಓದಿದೆ. ಆ ವಾರ ಅವಳು ಗಂಡನಿಗೆ ಎಲೆ ಹಾಕಿ, ಹೊಟ್ಟೆ ತುಂಬ ಬಡಿಸಿ, ಕೈ ತೊಳೆಯಲು ನೀರು ಕೊಟ್ಟು, ಅವನು ಹೊರಗೆ ಹೋದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತಾಳೆ. ಚಿತ್ರ ಅದೇ, ಕೈ ಅದೇ. ನಾನು ಅವಳ ಮುಂದೆ ಬಾಗಿಲು ತೆರೆದಿಟ್ಟು ಶಾಲು ಹೊದ್ದು ಬಂದಿದ್ದೆ.

ಎಲ್ಲ ಸಾಲೂ ಸಿಗಲಿಲ್ಲ. ಆಗ ಕತ್ತರಿಸಿ ಉಳಿದ ಚೂರುಗಳನ್ನು ಅಂಟು ಕುದಿಸುವ ಒಲೆಗೆ ನಾನೇ ಹಾಕಿದ್ದೆ. ಸಿಕ್ಕಿದ್ದನ್ನು ಎರಡೂ ಕಡೆ ಓದಲು ಬರುವಂತೆ ತೆಳು ಕಾಗದಕ್ಕೆ ಅಂಚಿನಲ್ಲಷ್ಟೇ ಹಿಡಿಸಿದೆ. ಆಮೇಲೆ ಹೊಸನಗರದಾಕೆಗೆ ಫೋನು ಮಾಡಿ ಆದದ್ದನ್ನು ಆದ ಹಾಗೆ ಹೇಳಿದೆ. ಆಕೆ ಹೊಲಿಗೆ ಮಿಷನ್ನು ತುಳಿಯುತ್ತಲೇ ಕೇಳಿಸಿಕೊಂಡರು.

"ಸರಿ, ತಗಂಡು ಬನ್ನಿ," ಎಂದರು.

ಹೊಸನಗರದ ಆ ಮನೆಯಲ್ಲಿ ಮುದುಕಿ ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದರು. ನಾನೇ ಓದಲು ಶುರು ಮಾಡಿದೆ. ಊಟ ಬಡಿಸುವಲ್ಲಿ ಸಾಲು ತುಂಡಾಯಿತು. ನಾನು ತಡವರಿಸುವಷ್ಟರಲ್ಲಿ ಅವರೇ ಹೇಳಿದರು: "ಉಪ್ಪಿನಕಾಯಿ ಹಾಕ್ಲಿಲ್ಲ ಅವ್ಳು. ಅವ ಕೇಳ್ದ. ಇಲ್ಲ ಅಂದ್ಲು. ಭರಣಿ ತುಂಬ ಇತ್ತು, ಹಾಕ್ಲಿಲ್ಲ." ಮತ್ತೊಂದು ಕಡೆ ಖಾಲಿ ಬಂತು, ಅದನ್ನೂ ಅವರೇ ತುಂಬಿದರು. ಬಾಗಿಲು ಹಾಕುವ ಜಾಗ ಬಂದಾಗ ಮಾತ್ರ ಕೈ ಎತ್ತಿ, "ನಿಧಾನಕ್ಕೆ ಓದಾ," ಎಂದರು. ನಿಧಾನಕ್ಕೆ ಓದಿದೆ. ಅದರ ಮುಂದಿನ ಸಾಲು ಇರಲಿಲ್ಲ. ಬಾಗಿಲಿನ ಅಗಳಿ ಬಿದ್ದ ಹಾಗೆ ಅವರು ಅಂಗೈಯಿಂದ ನೆಲಕ್ಕೆ ಒಂದು ಸಲ ತಟ್ಟಿ ನಕ್ಕರು.

"ನಡುನಡುವೆ ಹಾಳೆ ತಿಂದಿದ್ದು ಎಂತದೇ?" ಎಂದು ಮಗಳನ್ನು ಕೇಳಿದರು.

ಆಕೆ ನನ್ನ ಕಡೆ ನೋಡಿದರು. "ಗೆದ್ಲು ಅವ್ವಾ," ಎಂದರು.

"ಗೆದ್ಲಿಗೂ ರುಚಿ ಗೊತ್ತು ಮಾರಾಯ್ತಿ. ಒಳ್ಳೊಳ್ಳೆ ಜಾಗವೇ ಹುಡ್ಕಿ ತಿಂದದೆ." ಮತ್ತೆ ನನ್ನ ದನಿಯಿದ್ದ ಕಡೆಗೆ ತಿರುಗಿ, "ಎಷ್ಟು ಓದಿದ್ಯಾ ಅಪ್ಪಯ್ಯಾ? ಚೆನ್ನಾಗಿ ಓದ್ತೀಯ," ಎಂದರು.

ಏಳನೇ ತರಗತಿ ಎಂದೆ. ಗೆದ್ದಲಲ್ಲ, ನಾನೇ ಎಂದು ಹೇಳಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಮಗಳು ಚಹಾ ತಂದು ಕೈಗಿಟ್ಟರು. ಕುಡಿದು, ಆ ವಾರದ ಹಾಳೆಗಳನ್ನು ಪುಸ್ತಕದಲ್ಲಿ ಅದರ ಜಾಗಕ್ಕೆ ಅಲ್ಲೇ ಕೂತು ಹೊಲಿದು, ಬಸ್ಸಿಗೆ ಬಂದೆ.

ಈಗ ನನ್ನಲ್ಲಿರುವುದು ಒಂದು ಅಂಗಡಿ, ಕಾಗದ ಕತ್ತರಿಸುವ ಒಂದು ಯಂತ್ರ, ಎರಡು ಕತ್ತರಿ, ಒಂದು ಶಾಲು, ಹನ್ನೊಂದು ಅಂಟುಚಿತ್ರ, ಅಂಟಿನ ಕಲೆ ಉಳಿದ ಒಂದು ಖಾಲಿ ರಟ್ಟು.