ಊದ್ ಮೇಥಾದಲ್ಲಿ ಉದುರಿದ ಫಿನ್ಲೆಂಡಿನ ಹಲಗೆಗಳು

ನಾನು ದುಬೈನ ಒಂದು ಪತ್ರಿಕೆಯಲ್ಲಿ ಸುದ್ದಿ ತಿದ್ದುವವನು. ಬೇರೆಯವರ ತಪ್ಪು ಹುಡುಕಿ ಸಂಬಳ ಪಡೆಯುವವನಿಗೆ ಮನೆಯಲ್ಲೂ ಕೆಲಸಕ್ಕೆ ಕೊರತೆಯಿಲ್ಲ. ಮಗಳ ಶಾಲೆಯ ಪ್ರದರ್ಶನಕ್ಕೆ ಪ್ರತಿ ಮಗುವೂ ಒಂದೊಂದು ದೇಶದ ಮನೆ ಮಾಡಬೇಕಿತ್ತು. ನಾವಿರುವುದು ಒಂದೊಂದು ವಠಾರಕ್ಕೂ ಒಂದೊಂದು ದೇಶದ ಹೆಸರಿಟ್ಟಿರುವ ಇಂಟರ್‌ನ್ಯಾಷನಲ್ ಸಿಟಿಯ ರಷ್ಯಾ ಕ್ಲಸ್ಟರಿನಲ್ಲಿ. ಅವಳಿಗೆ ಬಂದದ್ದು ಪಕ್ಕದ ಫಿನ್ಲೆಂಡ್. ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿ ಈ ಸಲ ತಾನಾಗಿ ಕೈಯೆತ್ತಿ, ಮನೆಯ ಬಗ್ಗೆ ಎಲ್ಲರೆದುರು ಮಾತಾಡುತ್ತೇನೆ ಎಂದು ಹೇಳಿ ಬಂದಿದ್ದಳು.

ರಟ್ಟಿನ ಪೆಟ್ಟಿಗೆಯ ಮೇಲೆ ಕಂದು ಕ್ರೇಯಾನಿನಲ್ಲಿ ಮರದ ದಿಮ್ಮಿಗಳನ್ನು ಬರೆದು ಅವಳು ಕೆಲಸ ಮುಗಿಸಿಯೂ ಆಗಿತ್ತು. ನಾನು ಬಿಡಬೇಕಲ್ಲ. ಅಲ್ಲಿಯ ಹಳೆಯ ಮನೆಗಳ ಗೋಡೆ ದಿಮ್ಮಿಯದೇ ಹೌದು, ಆದರೆ ಆಮೇಲೆ ಅದಕ್ಕೆ ಹಲಗೆಯ ಹೊದಿಕೆ ಬಂತು. ಮೊದಮೊದಲು ಅಗಲವಾದ ಹಲಗೆಗಳನ್ನು ನೆಟ್ಟಗೆ ನಿಲ್ಲಿಸಿ, ಸಂದುಗಳ ಮೇಲೆ ಪಟ್ಟಿ ಹೊಡೆದು, ಕೆಮ್ಮಣ್ಣಿನ ಬಣ್ಣ ಬಳಿದರು. ಉಗಿಯಿಂದ ಓಡುವ ಗರಗಸಗಳು ಬಂದ ಮೇಲೆ ನಯವಾದ ಕಿರುಹಲಗೆಗಳು ಅಡ್ಡಡ್ಡ ಮಲಗಿದವು, ಕಿಟಕಿಗಳ ಸುತ್ತ ಕೆತ್ತನೆ ಮೂಡಿತು. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರ ಪುಟ್ಟ ಮನೆಗಳಿಗೆ ಸಾದಾ ಹಲಗೆಯೇ ಸಾಕಾಯಿತು. ಇದನ್ನೆಲ್ಲ ಎರಡೆರಡು ಕಡೆ ಓದಿ ಖಚಿತಪಡಿಸಿಕೊಂಡು, ಗೋಡೆಗೊಂದು ಕಾಲ ಎಂದು ಹಂಚಿ, ಹಲಗೆಗೆಂದು ಐಸ್‌ಕ್ರೀಂ ಕಡ್ಡಿ ಮತ್ತು ಅಂಟನ್ನು ಕಾಯಿಸಿ ಮೆತ್ತುವ ಗ್ಲೂ ಗನ್ ತಂದೆ.

"ಪಪ್ಪಾ, ಇಟ್ಸ್ ಮೈ ಹೌಸ್."

"ನಿಂದೇ ಕಣೇ. ನಾನು ಬರೀ ಹಲಗೆ ಹೊಡೀತಿದೀನಿ."

"ಸ್ವಲ್ಪ ತಡ್ಕೊಳ್ಳಿ ಮಾರಾಯ್ರೆ," ಎಂದಳು ಉಡುಪಿಯವಳಾದ ನನ್ನ ಹೆಂಡತಿ. "ಹೊಸ ದಿಮ್ಮಿ ಗೋಡೆ ಸರಿಯಾಗಿ ಕೂತ್ಕೊಳ್ಳಿಕ್ಕೆ ವರ್ಷಗಟ್ಟಲೆ ಬಿಟ್ಟು, ಮತ್ತೆ ಹಲಗೆ ಹೊಡೀತಿದ್ರು ಅಂತ ಊಟಕ್ಕೆ ಕೂತಾಗ ನೀವೇ ಹೇಳಿದ್ದಲ್ವಾ?"

ಹೇಳಿದ್ದು ನಿಜ. ಗನ್ ಮಾತ್ರ ಕೆಳಗಿಡಲಿಲ್ಲ.

ಪ್ರದರ್ಶನದ ದಿನ ಊದ್ ಮೇಥಾದಲ್ಲಿರುವ ಶಾಲೆಯ ಹತ್ತಿರ ಕಾರು ನಿಲ್ಲಿಸಿದಾಗ, ಮನೆಯ ಪಕ್ಕ ಇಡಲು ನಾನು ಬರೆದ ವಿವರಣೆಯಲ್ಲಿ ತಪ್ಪು ಕಂಡಿತು. ಹಲಗೆ ಮೊದಲು ಬಂದದ್ದು ರೈತರ ಮನೆಗೆ ಎಂದಿತ್ತು. ನಿಜಕ್ಕೂ ಬಂದದ್ದು ಜಮೀನ್ದಾರರ, ಪಾದ್ರಿಗಳ ಮನೆಗೆ. ಮೇ ತಿಂಗಳ ಬಿಸಿಲಿನಲ್ಲಿ ಫಿನ್ಲೆಂಡನ್ನು ಕಾರಿನೊಳಗೇ ಬಿಟ್ಟು, ಮಗಳ ಕೈ ಹಿಡಿದು, ಅರ್ಜಿಗಳನ್ನು ಟೈಪು ಮಾಡಿಕೊಡುವ ಪಕ್ಕದ ಟೈಪಿಂಗ್ ಸೆಂಟರಿಗೆ ಓಡಿದೆ.

"ಪಪ್ಪಾ, ನೋಬಡಿ ವಿಲ್ ರೀಡ್ ಇಟ್!"

"ಯಾರೂ ಓದದಿದ್ರೂ ತಪ್ಪು ತಪ್ಪೇ."

ಅಲ್ಲಿ ವೀಸಾ ಅರ್ಜಿಯವರ ಸಾಲು. ತಿದ್ದಿದ ಚೀಟಿ ಹಿಡಿದು ವಾಪಸು ಬಂದು ಕಾರಿನ ಬಾಗಿಲು ತೆಗೆದರೆ, ಅಂಟು ಮೆತ್ತಗಾಗಿ, ಎಲ್ಲ ಕಾಲದ ಹಲಗೆಗಳೂ ಸೀಟಿನ ಮೇಲೆ ಉದುರಿ ಬಿದ್ದಿದ್ದವು. ನಾನು ಯಾವ ಕಡ್ಡಿ ಯಾವ ಕಾಲದ್ದು ಎಂದು ವಿಂಗಡಿಸತೊಡಗಿದೆ.

"ಖಲಾಸ್, ಪಪ್ಪಾ," ಎಂದು ಅವಳು ಪೆಟ್ಟಿಗೆಯನ್ನಷ್ಟೇ ಎತ್ತಿಕೊಂಡು ನಡೆದಳು.

ಸಭಾಂಗಣದಲ್ಲಿ ಟೀಚರ್ ಬಗ್ಗಿ ನೋಡಿ, ಕ್ರೇಯಾನಿನ ದಿಮ್ಮಿಗಳ ಮೇಲೆ ಇದೇನು ಅಂಟಿನ ಕಲೆ ಎಂದು ಕೇಳಿದರು. ಮಗಳು ನನ್ನತ್ತ ನೋಡಿದಳು. ನಾನು ಹೇಳಿಕೊಡಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಶುರುಮಾಡಿದ್ದಳು.

"ಇಟ್ಸ್ ಎ ನ್ಯೂ ಹೌಸ್, ಮ್ಯಾಮ್. ಫಸ್ಟ್ ದ ವಾಲ್ ಮಸ್ಟ್ ಸಿಟ್ ಫಾರ್ ಮೆನಿ ಇಯರ್ಸ್. ದೆನ್ ಓನ್ಲಿ ಬೋರ್ಡ್ಸ್." ಸ್ವಲ್ಪ ತಡೆದು ಸೇರಿಸಿದಳು: "ಮೈ ಪಪ್ಪಾ ವಾಸ್ ಇನ್ ಎ ಹರಿ."

ಸುತ್ತಲಿದ್ದವರು ನಕ್ಕರು. ಅವಳು ನಿಲ್ಲಿಸಲಿಲ್ಲ, ಕೆಮ್ಮಣ್ಣಿನಿಂದ ಹಿಡಿದು ಸೈನಿಕರ ಮನೆಯವರೆಗೆ ಹೇಳಿ ಮುಗಿಸಿದಳು. ತಿದ್ದಿದ ಚೀಟಿ ನನ್ನ ಜೇಬಿನಲ್ಲೇ ಉಳಿಯಿತು. ಅದರಲ್ಲಿ ಒಂದೂ ತಪ್ಪಿರಲಿಲ್ಲ.